ಕಾಕಾನ ನಲವತ್ತೇಳು ನಿಮಿಷ

ನಮ್ಮ ಕಾಕಾನ ಸಂಗೀತ ಕೇಳಿ ಇದುವರೆಗೆ ಯಾರೂ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾಸಿಕದ ಕನ್ನಡ ಮಂದಿಯಲ್ಲಿ ಬೇರೆಯೇ ಸುದ್ದಿ ಓಡಾಡುತ್ತಿದೆ! ನಮ್ಮ ಪಕ್ಕದ ಗಲ್ಲಿಯ ಅಜ್ಜಿಯೊಬ್ಬರು ಆಸ್ಪತ್ರೆ ಸೇರಿದ್ದು ನಿಜ. ಆದರೆ ಅದು ಹಸಿ ಶೇಂಗಾ ಜಾಸ್ತಿ ತಿಂದು. ಆ ದಿನ ಕಾಕಾ ಊರಲ್ಲೇ ಇರಲಿಲ್ಲ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ನಾವು ಮೂಲತಃ ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ಅಪ್ಪ ಕಿರಾಣಿ ವ್ಯಾಪಾರಕ್ಕೆಂದು ನಾಸಿಕಕ್ಕೆ ಬಂದರು, ಅವರ ಹಿಂದೆಯೇ ಬಂದ ಕಾಕಾ ಟೆಲಿಫೋನ್ ಇಲಾಖೆ ಸೇರಿದರು. ಅಲ್ಲಿ ಅವರ ಕೆಲಸ ಲೈನಿನಲ್ಲಿ ದೋಷ ಹುಡುಕುವುದು. ಯಾರದೋ ಫೋನಿನಲ್ಲಿ ಗರಗರ ಅನ್ನುತ್ತಿದೆ ಅಂದರೆ ಕಾಕಾ ರಿಸೀವರ್ ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ, "ದೇವಳಾಲಿ ಕ್ಯಾಂಪಿನ ಸ್ಟೇಷನ್ ಬಾಜೂಕ ಕೇಬಲ್‌ನಾಗ ನೀರು ಹೊಕ್ಕದ" ಅನ್ನುತ್ತಿದ್ದರಂತೆ. ಹೋಗಿ ಅಗೆದರೆ ನೀರು! ಹೀಗೆ ಮೂವತ್ತು ಚಿಲ್ಲರೆ ವರ್ಷ ಜಗತ್ತೆಲ್ಲ ಫೋನಿನಲ್ಲಿ ಮಾತು ಕೇಳುತ್ತಿದ್ದಾಗ ಈ ಮನುಷ್ಯ ಮಾತಿನ ಹಿಂದಿನ ಗರಗರ ಕೇಳುತ್ತ ಕೂತಿದ್ದರು. ಅದರ ರುಚಿ ಹತ್ತಿಬಿಟ್ಟಿತು ಅನ್ನಿ.

ನಿವೃತ್ತಿಯಾದ ಮೇಲೆ ಮಂದಿ ಏನು ಮಾಡುತ್ತಾರೆ? ಬೆಳಿಗ್ಗೆ ಗೋದಾವರಿ ದಂಡೆಯಲ್ಲಿ ನಡೆಯುತ್ತಾರೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಾರೆ. ಕಾಕಾ ಮಾತ್ರ ಎಲ್ಲಿಂದಲೋ ಗುಂಡಿಗಳು, ತಂತಿಗಳು ತುಂಬಿದ ಎರಡು ಯಂತ್ರ ತಂದು, ಅವಕ್ಕೊಂದು ಲ್ಯಾಪ್‌ಟಾಪ್ ಜೋಡಿಸಿ, ಬಾಲ್ಕನಿಗೆ ಅಂಟಿದ ಸಣ್ಣ ಕೋಣೆ ಸೇರಿದರು. ಮೂರು ವರ್ಷದ ಮೇಲೆ ಹೊರಬಂದಾಗ ಅವರ ಕೈಯಲ್ಲೊಂದು ಆಲ್ಬಂ ಇತ್ತು. ಹೆಸರು 'ಕಂಪನ'. ಐದು ಭಾಗ, ಒಟ್ಟು ನಲವತ್ತೇಳು ನಿಮಿಷ. ಹಾಡಿಲ್ಲ, ಮಾತಿಲ್ಲ, ರಾಗವಿಲ್ಲ, ತಾಳ ಕೇಳಲೇಬೇಡಿ.

"ಕಾಕಾ, ಇದು ಯಾವ ಥರದ ಹಾಡ್ರಿ?" ಅಂತ ನಾನು ಕೇಳಿದೆ.

"ಹಾಡಲ್ಲವ್ವಾ ಇದು. ಸಪ್ಪಳ. ಹಾಡು ಕೇಳೋರು ಭಾಳ ಮಂದಿ ಅದಾರ. ಸಪ್ಪಳದ ಕಷ್ಟ ಸುಖ ಯಾರು ಕೇಳ್ಬೇಕು?"

ಸಪ್ಪಳಕ್ಕೆ ಕಷ್ಟವೂ ಇದೆ, ಸುಖವೂ ಇದೆ ಅಂತ ನನಗೆ ಅಂದೇ ಗೊತ್ತಾಗಿದ್ದು!

ಮೊದಲ ಶ್ರೋತೃ ಯಾರಾಗಬೇಕು? ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ. ಕಾಕಾ ಸ್ಪೀಕರ್ ಹಚ್ಚಿದರು, ಕಾಕು ಎದ್ದು ಹೋಗಿ ಗ್ಯಾಸ್ ಬಂದ್ ಮಾಡಿ ಬಂದರು. ಕುಕ್ಕರಿನ ಸೀಟಿಯೇ ಏನೋ ಹೀಗೆ ಕೆಟ್ಟಿದೆ ಅಂತ ಅವರ ಲೆಕ್ಕ. ಗ್ಯಾಸ್ ಬಂದಾದರೂ ಸದ್ದು ನಿಲ್ಲದಾಗ ಅವರಿಗೆ ನಿಜ ತಿಳಿಯಿತು. "ಇದನ್ನ ನೀವ್ ಬೇಕಂತ ಮಾಡೀರೇನು?" ಅಂತ ಒಂದೇ ಮಾತು ಕೇಳಿ ಕೊತ್ತಂಬರಿ ತರಲು ಹೋದರು. ಕೊತ್ತಂಬರಿ ತರಲು ಎರಡು ತಾಸು ಹಿಡಿಯಿತು.

ಎರಡನೆಯ ಶ್ರೋತೃ ಕಟ್ಟಡದ ವಾಚ್‌ಮನ್. ಇವನ ವಿಷಯ ಸ್ವಲ್ಪ ಗಂಭೀರ. ಕಾಕಾನ ಆಲ್ಬಮ್ಮಿನ ಮೊದಲ ಭಾಗ ಪೂರ್ತಿ ಒಂದೇ ಗುಂಯ್ಗುಡುವ ದನಿ. ಅದು ಕೆಳಗೆ ಕೇಳಿದ ಕೂಡಲೇ ವಾಚ್‌ಮನ್ನಿಗೆ ನೀರಿನ ಮೋಟರು ಖಾಲಿ ಓಡುತ್ತಿದೆ ಅನ್ನಿಸಿ, ಓಡಿಹೋಗಿ ಮೋಟರು ಬಂದ್ ಮಾಡಿಬಿಡುತ್ತಿದ್ದ. ಕಾಕಾ ದಿನಾ ಬೆಳಿಗ್ಗೆ ಏಳೂವರೆಗೆ ಆಲ್ಬಂ ಹಚ್ಚುವುದು, ಏಳೂವರೆಗೇ ಮೇಲಿನ ಟಾಕಿಗೆ ನೀರು ಏರುವುದು! ಎಂಟು ದಿನ ನಾಲ್ಕಂತಸ್ತಿನ ಜನ ಅರ್ಧ ಸೋಪು ಹಚ್ಚಿಕೊಂಡು ಬಾತ್‌ರೂಮಿನಲ್ಲಿ ನಿಂತರು. ಪ್ಲಂಬರ್ ಬಂದ, ಎಲೆಕ್ಟ್ರಿಷಿಯನ್ ಬಂದ, ಕೊನೆಗೆ ಸೊಸೈಟಿಯ ಸೆಕ್ರೆಟರಿ ಬಂದು ಕಾಕಾನ ಬಾಗಿಲು ಬಡಿದರು. ಹಾಡಿ ಮಳೆ ಬರಿಸಿದವರ ಕಥೆ ನಾವೆಲ್ಲ ಕೇಳಿದ್ದೇವೆ. ಕಟ್ಟಡದ ನೀರೇ ನಿಲ್ಲಿಸಿದವರು ನಮ್ಮ ಕಾಕಾ ಒಬ್ಬರೇ ಇರಬೇಕು.

ಇಷ್ಟಕ್ಕೆ ಸುಮ್ಮನಾಗುವ ಜೀವವೇ ಅದು? ಕಾಕಾ ಇನ್ನೂರು ಪುಟದ ಒಂದು ವಹಿ ತಂದರು. ಕೇಳಿದವರೆಲ್ಲ ತಮಗೆ ಅನಿಸಿದ್ದನ್ನು ಅದರಲ್ಲಿ ಬರೆಯಬೇಕು. ಮೊದಲ ಪುಟದಲ್ಲಿ ಅವರೇ ಕೆಂಪು ಶಾಯಿಯಲ್ಲಿ ನಿಯಮ ಬರೆದರು: ಪೂರ್ತಿ ಕೇಳಬೇಕು, ನಡುವೆ ಚಹಾ ಇಲ್ಲ, ಖರೇ ಹೇಳಬೇಕು.

ಮೂರನೆಯದೇ ನೋಡಿ ತೊಂದರೆ. ನಮ್ಮ ಮಂದಿಗೆ ಹಿರಿಯರ ಎದುರು ಖರೇ ಹೇಳಿ ಅಭ್ಯಾಸವೆಲ್ಲಿದೆ? ಉಪ್ಪಿಲ್ಲದ ಪಲ್ಯ ಬಡಿಸಿದರೂ "ಛಲೋ ಆಗ್ಯಾದ್ರಿ" ಅಂತ ಎರಡನೇ ಸಲ ಹಾಕಿಸಿಕೊಳ್ಳುವ ಮಂದಿ ನಾವು. ಒಂದು ತಿಂಗಳಲ್ಲಿ ವಹಿಯ ಹನ್ನೊಂದು ಪುಟ ತುಂಬಿತು. ಹನ್ನೊಂದೂ ಪುಟದಲ್ಲಿ "ಛಲೋ ಅದ್ರಿ" ಅಂತಲೇ ಇತ್ತು. ಒಬ್ಬರು ಮಾತ್ರ ಕೆಳಗೆ "ಭಾಳ" ಅಂತ ಸೇರಿಸಿದ್ದರು.

ಇನ್ನು ಶ್ರಾವಣದ ಕಥೆ. ಶ್ರಾವಣ ಸೋಮವಾರ ನಾಸಿಕದ ನಮ್ಮವರೆಲ್ಲ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ವಚನ ಹಾಡುವುದು, ಆಮೇಲೆ ಪ್ರಸಾದ. ಆ ಸಲ ಸೇರಿದ್ದು ಪಂಚವಟಿಯ ಬೇಳೆ ವ್ಯಾಪಾರಿಯೊಬ್ಬರ ಮನೆಯಲ್ಲಿ. ಹೆಂಗಸರೆಲ್ಲ ಒಳಗೆ ಗೋಧಿ ಹುಗ್ಗಿ ತಿರುವುತ್ತಿದ್ದೆವು. ಹೊರಗೆ ವಚನ ಮುಗಿದ ಮೇಲೆ ಕಾಕಾ ಎದ್ದು, "ಈಗ ನಲವತ್ತೇಳು ನಿಮಿಷ ಕಣ್ಣು ಮುಚ್ಚಿ ಮನಸ್ಸಿಟ್ಟು ಕೇಳ್ರಿ" ಅಂದು ಸ್ಪೀಕರ್ ಹಚ್ಚಿದರು. ಗುಂಯ್ ಅಂತ ದನಿ ಎದ್ದಿತು. ಸಭೆಯ ಹಿರಿಯರೊಬ್ಬರು, ಎಂಬತ್ತರ ಹತ್ತಿರದವರು, ಇದು ಧ್ಯಾನಕ್ಕೆ ಹಚ್ಚಿದ ಓಂಕಾರವೇ ಅಂದುಕೊಂಡು ಕೊರಳಿನ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡರು. ಅವರನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಮತ್ತೊಬ್ಬರು. ಒಂದು ನಿಮಿಷದಲ್ಲಿ ಮೂವತ್ತು ಮಂದಿಯ ಕೈಯಲ್ಲಿ ಲಿಂಗ!

ಒಮ್ಮೆ ಹಾಗೆ ಕೂತ ಮೇಲೆ ಹಿರಿಯರು ಏಳುವವರೆಗೆ ನಡುವೆ ಏಳುವ ರೂಢಿ ನಮ್ಮಲ್ಲಿಲ್ಲ. ಎರಡನೆಯ ಭಾಗದಲ್ಲಿ ಯಾರೋ ಕಬ್ಬಿಣದ ಕಪಾಟು ಎಳೆದಾಡಿದಂತೆ ಸದ್ದು ಬಂತಂತೆ. ಮಾಳಿಗೆಯ ಮೇಲಿನವರು ಮನೆ ಖಾಲಿ ಮಾಡುತ್ತಿದ್ದಾರೆ ಅಂದುಕೊಂಡು ಎಲ್ಲರೂ ತಡೆದುಕೊಂಡರು. ಮೂರು, ನಾಲ್ಕು, ಐದು ಮುಗಿದವು. ಆದರೂ ಯಾರೂ ಏಳಲೊಲ್ಲರು, ಯಾಕೆಂದರೆ ಹಿರಿಯರಿಗೆ ಮೂರನೆಯ ಭಾಗದಲ್ಲೇ ನಿದ್ದೆ ಹತ್ತಿತ್ತು! ಒಳಗೆ ನಮ್ಮ ಹುಗ್ಗಿ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಯಿತು.

ಆ ದಿನ ಮನೆಗೆ ಬರುವಾಗ ಕಾಕಾನ ಮುಖ ನೋಡಬೇಕಿತ್ತು. "ನೋಡಿದೇನವಾ? ಒಬ್ಬ ಮನಶ್ಯಾ ಎದ್ದಿಲ್ಲ!" ಮನೆಗೆ ಬಂದು ವಹಿ ತೆಗೆದು ಓದಿದರು. ಮೂವತ್ತು ಮಂದಿಯೂ ಬರೆದಿದ್ದರು: ಮನಸ್ಸಿಗೆ ಶಾಂತಿ ಸಿಕ್ಕಿತು. ಕಾಕಾ ವಹಿ ಮುಚ್ಚಿ ಕುರ್ಚಿಯ ಮೇಲೆ ಕುಸಿದರು. "ಶಾಂತಿ? ಶಾಂತಿ ಕೊಡ್ಲಿಕ್ಕೆ ಮಾಡೀನೇನು ನಾ ಇದನ್ನ? ಮೂರು ವರ್ಷ ನನಗೇ ಶಾಂತಿ ಇದ್ದಿಲ್ಲ!"

ಅಂದೇ ಕಾಕು ತಮ್ಮ ಮಾತು ಹೇಳಿಬಿಟ್ಟರು. ಬಾಲ್ಕನಿ ಕೋಣೆ ಅವರ ಹೊಲಿಗೆ ಯಂತ್ರದ ಕೋಣೆ, ಮೂರು ವರ್ಷದಿಂದ ಆ ಯಂತ್ರ ಮಂಚದ ಕೆಳಗೆ ಮಲಗಿತ್ತು. "ಯುಗಾದಿತನಾ ನೋಡ್ತೀನಿ. ಒಬ್ಬರರೇ ಪೂರಾ ಕೇಳಿ ಖರೇ ಖರೇ ಏನರೇ ಹೇಳಿದ್ರ ನಿಮ್ಮ ಸಾಮಾನ ಅಲ್ಲೇ ಇರ್ಲಿ. ಇಲ್ಲಂದ್ರ ಎಲ್ಲಾ ಭಂಗಾರದವನಿಗೆ." ಗುಜರಿಯವನಿಗೆ ಇಲ್ಲಿ ಹಾಗೆಯೇ ಅನ್ನುತ್ತಾರೆ. ಕಾಕಾ ಜಗಳ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು ತುಸು ಹೊತ್ತು ತಂತಿಗಳನ್ನು ನೋಡಿ, "ಆಯ್ತು" ಅಂದರು. ಅವರಿಗೇ ಅನುಮಾನ ಬಂದಿತ್ತು ಅಂತ ಕಾಣುತ್ತದೆ. ಯಾರಿಗೂ ಏನೂ ಅನಿಸದಿದ್ದರೆ ತಾನು ಮಾಡಿದ್ದಾದರೂ ಏನು ಅಂತ.

ಮಾಘ ಬಂತು, ನಿಫಾಡಿನ ತೋಟಗಳಲ್ಲಿ ದ್ರಾಕ್ಷಿ ಹಣ್ಣಾಯಿತು. ಅಲ್ಲಿನ ರೈತನೊಬ್ಬ ಕಾಕಾನ ಹಳೆಯ ಪರಿಚಯ, ಎಂದೋ ಅವನ ಫೋನ್ ಲೈನ್ ಸರಿ ಮಾಡಿಕೊಟ್ಟಿದ್ದರಂತೆ. ಅವನು ಮನೆಗೆ ದ್ರಾಕ್ಷಿ ಕೊಡಲು ಬಂದವನು ಎರಡನೆಯ ಭಾಗ ಕೇಳಿ ಎದ್ದು ನಿಂತುಬಿಟ್ಟ. "ಕಾಕಾ, ಏಕ್ ನಂಬರ್! ಹೇಚ್ ಪಾಹಿಜೆ ಹೋತಂ ಮಲಾ!" ನನಗೆ ಬೇಕಾಗಿದ್ದು ಇದೇ ಅಂದ. ಕಾಕಾನ ಕಣ್ಣು ತುಂಬಿತು. ಕೊನೆಗೂ ಒಬ್ಬ ರಸಿಕ ಸಿಕ್ಕ! ಅವನು ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಹೋದ.

ವಾರ ಬಿಟ್ಟು ಕಾಕಾ ನನ್ನನ್ನೂ ಕರೆದುಕೊಂಡು ಅವನ ತೋಟಕ್ಕೆ ಹೋದರು. ನೋಡಿದರೆ ದ್ರಾಕ್ಷಿ ಚಪ್ಪರದ ನಾಲ್ಕೂ ಮೂಲೆಗೆ ಸ್ಪೀಕರ್ ಕಟ್ಟಿದ್ದಾನೆ, ಎರಡನೆಯ ಭಾಗ ಹಗಲೆಲ್ಲ ಓಡುತ್ತಿದೆ. ಹಣ್ಣು ತಿನ್ನುವ ಹಕ್ಕಿ ಓಡಿಸಲಿಕ್ಕೆ! "ಮೂರು ದಿನ ಒಂದು ಹಕ್ಕಿ ಬರಲಿಲ್ಲ ಕಾಕಾ," ಅಂತ ಅವನು ಮರಾಠಿಯಲ್ಲಿ ಹೇಳಿದ, "ನಾಲ್ಕನೇ ದಿನದಿಂದ ಸ್ಪೀಕರ್ ಮೇಲೇ ಕೂತು ತಿನ್ನುತ್ತಿವೆ." ನಾನು ನಗು ತಡೆದುಕೊಂಡು ಕಾಕಾನನ್ನು ನೋಡಿದೆ. ಕಾಕಾ ಸ್ಪೀಕರ್ ಮೇಲೆ ಕೂತ ಬುಲ್ಬುಲ್ ಜೋಡಿಯನ್ನು ಎವೆಯಿಕ್ಕದೆ ನೋಡುತ್ತಿದ್ದರು.

"ನಾಕು ದಿನದಾಗ ಹಕ್ಕಿಗಿ ತಿಳೀತು. ಮನಶ್ಯಾರಿಗಿ ಯಾಕ ತಿಳೀವಲ್ದು?"

ಈಗ ನನ್ನ ಪಾಪದ ಕಥೆ. ಯುಗಾದಿಗೆ ಮೂರು ವಾರ ಉಳಿದಿತ್ತು. ಕಾಕಾ ಪೆನ್ ಡ್ರೈವ್ ಮತ್ತು ವಹಿ ನನ್ನ ಮನೆಗೆ ತಂದುಕೊಟ್ಟು, "ನೀ ಒಬ್ಬಾಕಿ ಉಳಿದೀ ನೋಡು" ಅಂದು ಹೋದರು. ಹೌದು, ಅಲ್ಲಿಯವರೆಗೆ ನಾನು ಒಂದು ಸಲವೂ ಸರಿಯಾಗಿ ಕೇಳಿರಲಿಲ್ಲ! ಕೂತೆ. ಆರು ನಿಮಿಷ ಗುಂಯ್ ಅಂದಿತು. ಏಳನೆಯ ನಿಮಿಷಕ್ಕೆ ಅಕ್ಕಿ ನೆನೆಹಾಕಬೇಕು ಅಂತ ನೆನಪಾಯಿತು. ಅಕ್ಕಿ ನೆನೆಹಾಕಿ ಬಂದವಳು ಸಪ್ಪಳ ಬಂದ್ ಮಾಡಿ ಬರೆಯಲು ಪೆನ್ನು ಹಿಡಿದೆ. ಭಂಗಾರದವನು ಕಣ್ಣ ಮುಂದೆ ಬಂದಿದ್ದ, ಕಾಕಾನ ಮೇಲೆ ಕರುಣೆಯೂ ಬಂದಿತ್ತು. ಪೇಪರಿನಲ್ಲಿ ಸಂಗೀತ ಕಛೇರಿಗಳ ಬಗ್ಗೆ ಬರೆಯುತ್ತಾರಲ್ಲ, ಆ ಧಾಟಿಯಲ್ಲಿ ಎರಡು ಪುಟ ಗೀಚಿದೆ. 'ಎರಡನೆಯ ಭಾಗದಲ್ಲಿ ಮದುವೆ ಮನೆಯ ಸಂಭ್ರಮ ಮೈದುಂಬಿದೆ' ಅಂತ ಬರೆದಾಗ ನನಗೇ ಹೆಮ್ಮೆಯಾಯಿತು. ತೋಟದಲ್ಲಿ ಕೇಳಿದ್ದು ಯಾವ ಭಾಗ ಅನ್ನುವುದೂ ತಲೆಯಲ್ಲಿರಲಿಲ್ಲ ನೋಡಿ!

ಕಾಕಾ ಆ ಎರಡು ಪುಟ ಮೂರು ಸಲ ಓದಿದರು. ನನ್ನ ತಲೆ ಮೇಲೆ ಕೈಯಿಟ್ಟರು. ಆದರೆ ಕಾಕು ಬಿಡುವವರಲ್ಲ. "ಇವೆಲ್ಲಾ ಪೇಪರ್‌ನಾಗಿನ ಮಾತು. ಅಕ್ಕಾರ ಮುಂದ ಕೂತು ಹೇಳ್ಲಿ, ಅವಾಗ ಒಪ್ತೀನಿ."

ಅಕ್ಕಾರು!

ಅಕ್ಕಾರು ಅಂದರೆ ಅಪ್ಪ ಮತ್ತು ಕಾಕಾನ ಹಿರಿಯಕ್ಕ, ನನಗೆ ಸೋದರತ್ತೆ. ಛತ್ರಪತಿ ಸಂಭಾಜಿನಗರದಲ್ಲಿ ನಲವತ್ತು ವರ್ಷ ಮಕ್ಕಳಿಗೆ ಹಾರ್ಮೋನಿಯಂ, ಗಾಯನ ಕಲಿಸಿದವರು. ಎಂಬತ್ತು ಸಮೀಪಿಸಿದರೂ ಬೆನ್ನು ನೆಟ್ಟಗೆ. ಯಾರ ಮುಲಾಜೂ ಇಲ್ಲ. ಮದುವೆಯೊಂದರಲ್ಲಿ ಬ್ಯಾಂಡಿನವರನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಶ್ರುತಿ ಸರಿ ಮಾಡಿಸಿದ ಹೆಂಗಸು! ಕಾಕಾ ಹತ್ತು ವರ್ಷದವರಿದ್ದಾಗ ಅವರಿಗೂ ಹಾಡು ಕಲಿಸಲು ಕೂತು, ನಾಲ್ಕನೆಯ ದಿನಕ್ಕೆ "ತಮ್ಮಾ, ನೀ ಬಾಯಿ ತಗೀಬ್ಯಾಡ" ಅಂದಿದ್ದರಂತೆ. ಅಷ್ಟು ಮಂದಿಗೆ ಆಲ್ಬಂ ಕೇಳಿಸಿದ ಕಾಕಾ ಈ ಒಬ್ಬರಿಗೆ ಮಾತ್ರ ಯಾಕೆ ಕೇಳಿಸಿರಲಿಲ್ಲ ಅನ್ನುವುದು ಈಗ ನಿಮಗೆ ತಿಳಿಯಿತಲ್ಲ?

ಯುಗಾದಿಗೆ ನಾಲ್ಕು ದಿನ ಇದ್ದಾಗ ನಾವಿಬ್ಬರೂ ಬಸ್ಸು ಹತ್ತಿದೆವು. ಯೇವಲೆ ದಾಟುವವರೆಗೆ ಕಾಕಾ ಸ್ಪೀಕರನ್ನು ಕೈಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ವೈಜಾಪುರ ಬಂದಾಗ ಮೆಲ್ಲಗೆ, "ನೀ ಇದ್ದೀ ಅಂತ ಧೈರ್ಯ" ಅಂದರು. ಅಲ್ಲೇ ಇಳಿದು ವಾಪಸು ಓಡಿಬಿಡೋಣ ಅನ್ನಿಸಿತು ನನಗೆ.

ಅತ್ತೆ ಜೋಳದ ರೊಟ್ಟಿ, ಪುಂಡಿ ಪಲ್ಯ ಮಾಡಿಸಿದ್ದರು. ಊಟವಾದ ಮೇಲೆ ಅವರ ಭಜನಾ ಮಂಡಳಿಯ ಐದು ಜನ ಮರಾಠಿ ಹೆಂಗಸರು ಬಂದು ಜಮಖಾನೆ ಮೇಲೆ ಕೂತರು. ಕಾಕಾ ನನ್ನತ್ತ ಕೈಮಾಡಿ, "ಮೊದ್ಲ ಇಕಿ ಹೇಳ್ತಾಳ್ರಿ ಅಕ್ಕಾ. ಇಕಿಗಿ ಎಲ್ಲಾ ತಿಳದದ" ಅಂದರು.

ಎದ್ದೆ. ಏನು ಮಾಡಲಿ? ಬರೆದದ್ದನ್ನೇ ಮರಾಠಿಯಲ್ಲಿ ಒದರಿದೆ. ಮೊದಲ ಭಾಗ ಪ್ರಾರ್ಥನೆ, ಎರಡನೆಯದು ಮದುವೆ ಮನೆ, ಸಂಭ್ರಮ, ಸಡಗರ! ಹೆಂಗಸರು ಖುಷಿಯಿಂದ ಸೆರಗು ಸರಿಮಾಡಿಕೊಂಡು ಕೂತರು. ಪ್ರಾರ್ಥನೆ ಹೇಗೋ ಮುಗಿಯಿತು. ಎರಡನೆಯ ಭಾಗ ಶುರುವಾಯಿತು. ಕಪಾಟು ಎಳೆದಾಡಿದರು, ಮತ್ತೆ ಎಳೆದಾಡಿದರು, ಅದೇ ಕಪಾಟನ್ನು ಮೆಟ್ಟಿಲ ಮೇಲಿಂದ ಉರುಳಿಸಿದರು. ಮೂಲೆಯಲ್ಲಿ ಕೂತ ದಪ್ಪ ಹೆಂಗಸು ನನ್ನ ಕಡೆ ತಿರುಗಿ ಕೇಳಿದರು:

"ಹೇ ಕೋಣಾಚಂ ಲಗ್ನ ಆಹೆ, ಬಾಈ?"

ಇದು ಯಾರ ಮದುವೆಯಮ್ಮಾ! ಐವರೂ ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಮುಖದ ಬಣ್ಣ ಏನಾಗಿರಬೇಕು ನೀವೇ ಯೋಚಿಸಿ. ಕಾಕಾ ನನ್ನ ಕಡೆ ನೋಡಿದರು. ಬೈಗುಳದ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ತಪ್ಪು ತಮ್ಮದೇ ಅನ್ನುವಂತೆ ತಲೆ ತಗ್ಗಿಸಿ ಸ್ಪೀಕರ್ ಬಂದ್ ಮಾಡಲು ಕೈ ಚಾಚಿದರು.

"ಬಿಡು ಅದನ್ನ," ಅಂದರು ಅತ್ತೆ. ಆಮೇಲೆ ಮಂಡಳಿಯವರ ಕಡೆ ತಿರುಗಿ ಮರಾಠಿಯಲ್ಲಿ, "ಬೇಸರ ಬಂದವರು ಮನೆಗೆ ಹೋಗಿ. ನಗು ನುಂಗಿಕೊಂಡು ಕೂರಬೇಡಿ" ಅಂದರು. ಮುಲಾಜಿಲ್ಲದ ಮಾತು ಅಂದೆನಲ್ಲ! ಐವರೂ ಒಂದು ಕ್ಷಣ ಮುಖ ಮುಖ ನೋಡಿ ಎದ್ದು ಹೋದರು. ಆ ದೊಡ್ಡ ಜಮಖಾನೆಯ ಮೇಲೆ ಉಳಿದವರು ನಾವು ಮೂವರು.

ಅತ್ತೆ ಕದಲದೆ ಕೂತರು. ಮೂರನೆಯದು, ನಾಲ್ಕನೆಯದು, ಐದನೆಯದು ಮುಗಿದವು. ಹೊರಗೆ ಯಾವನೋ ಕುಲ್ಫಿಯವನು ಗಂಟೆ ಬಾರಿಸಿಕೊಂಡು ಹೋದ. ಕಾಕಾ ವಹಿ ಮುಂದಿಡಲಿಲ್ಲ.

"ನನಗ ಸೇರಲಿಲ್ಲ," ಅಂದರು ಅತ್ತೆ.

ಕಾಕಾ ತಲೆಯಾಡಿಸಿದರು.

"ಮೊದಲನೇದು ಉದ್ದ ಆತು. ಎರಡನೇದು ನೀ ಸಿಟ್ಟಿಲೇ ಮಾಡೀದಿ, ಯಾರ ಮ್ಯಾಲಿನ ಸಿಟ್ಟೋ ಏನೋ. ಐದನೇದು ಬ್ಯಾಡೇ ಬ್ಯಾಡ, ನಾಕನೇದ್ರಾಗೇ ಎಲ್ಲಾ ಮುಗದದ." ಆಮೇಲೆ ಕಾಕಾನ ಕಡೆ ತಿರುಗಿದರು. "ಮೂರನೇದ್ರಾಗ ತಳದಿಂದ ಒಂದು ಸಣ್ಣ ದನಿ ಏಳ್ತದಲ್ಲ ತಮ್ಮಾ. ಅದನ್ನ ಯಾಕ ನಡುವೇ ಕಡದಿ? ಅದು ಇನ್ನಾ ಮ್ಯಾಲ ಹೋಗೋದಿತ್ತು."

ಅರವತ್ತಾರು ವರ್ಷದ ಕಾಕಾ ಶಾಲೆ ಹುಡುಗನಂತೆ ಕೈಕಟ್ಟಿ ಕೂತರು.

"ಹೋಗೋದಿತ್ತು ಅಕ್ಕಾ. ನನಗ ಧೈರ್ಯ ಆಗ್ಲಿಲ್ರಿ."

"ಹಚ್ಚು ಇನ್ನೊಮ್ಮೆ. ಮೂರನೇದು."

ಕಾಕಾ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡರು. ಮೂವತ್ತು ಮಂದಿಯ ಶಾಂತಿ, ಹನ್ನೊಂದು ಪುಟದ ಛಲೋ, ನನ್ನ ಎರಡು ಪುಟದ ಸುಳ್ಳು ಯಾವುದಕ್ಕೂ ಅವರು ಹೀಗೆ ಅತ್ತಿರಲಿಲ್ಲ. ಸೇರಲಿಲ್ಲ ಅನ್ನಿಸಿಕೊಂಡು ಅಳುತ್ತಿದ್ದರು, ಸಂತೋಷಕ್ಕೆ. ಒಬ್ಬರು ಪೂರ್ತಿ ಕೇಳಿದ್ದರು. ನನಗೆ ಬಹಳ ನಾಚಿಕೆಯಾಯಿತು. ಅವರ ಮೇಲೆ ಪ್ರೀತಿ ಇದೆ ಅಂತ ಸುಳ್ಳು ಬರೆದೆ. ಪ್ರೀತಿ ಇದ್ದರೆ ಕೇಳಬಹುದಿತ್ತು. ಒಟ್ಟು ನಲವತ್ತೇಳೇ ನಿಮಿಷವಿತ್ತು.

ನಾನೂ ಜಮಖಾನೆ ಮೇಲೆ ಕೂತು ಮೊದಲ ಸಲ ಕೇಳಿದೆ. ಬಹಳ ಹೊತ್ತು ಏನೂ ಇಲ್ಲ, ದೂರದಲ್ಲಿ ಯಾರೂ ಎತ್ತದ ಫೋನಿನ ಹಿಂದಿನ ಗರಗರದಂಥ ಸದ್ದು ಮಾತ್ರ. ಆಮೇಲೆ ಅದರ ತಳದಿಂದ ಎಳೆಯಂಥ ಒಂದು ದನಿ ಎದ್ದಿತು, ಹೆದರುತ್ತ ಹೆದರುತ್ತ. ಅತ್ತೆ ಕಣ್ಣು ಮುಚ್ಚಿ, ಮಕ್ಕಳಿಗೆ ಸ್ವರ ತೋರಿಸುವಂತೆ ಬಲಗೈಯನ್ನು ಅದರ ಜೊತೆ ಮೆಲ್ಲಗೆ ಎತ್ತುತ್ತ ಹೋದರು. ದನಿ ನಡುವೆ ನಿಂತುಹೋಯಿತು. ಅತ್ತೆಯ ಕೈ ನಿಲ್ಲಲಿಲ್ಲ, ಇನ್ನೂ ಒಂದು ಗೇಣು ಮೇಲೆ ಹೋಯಿತು. ಕಾಕಾ ಬಾಯಿ ತೆರೆದು ಆ ಕೈಯನ್ನೇ ನೋಡುತ್ತಿದ್ದರು.